ಎರಡು ವರ್ಷ ಬಿಟ್ಟು ಮತ್ತೆ ಕೌಂಟರ್-ಸ್ಟ್ರೈಕ್ 2: ಐದು ತಿಂಗಳು ಆಡಿದ ಮೇಲೆ

2023ರ ಸೆಪ್ಟೆಂಬರ್ ಕೊನೆಯ ವಾರ. ಆಫೀಸಿನಿಂದ ಬಂದು, ಕಂಪ್ಯೂಟರ್ ಆಟಗಳ ಅಂಗಡಿ ಸ್ಟೀಮ್ ತೆರೆದರೆ ಕೌಂಟರ್-ಸ್ಟ್ರೈಕ್‌ನ ಹಿಂದಿನ ಆವೃತ್ತಿ ಸಿಎಸ್: ಗೋ ಮಾಯ. ಅದರ ಜಾಗದಲ್ಲಿ ಕೌಂಟರ್-ಸ್ಟ್ರೈಕ್ 2 ಕೂತಿತ್ತು. ಐವರ ಎರಡು ತಂಡ ಬಂದೂಕು ಹಿಡಿದು ಆಡುವ ಆಟ, ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ಅದನ್ನು ತಡೆಯಬೇಕು. ಮನೆಯಲ್ಲಿ ಯಾರನ್ನೂ ಕೇಳದೆ ಹಳೇ ದಿವಾನ ಎತ್ತಿ ಹೊಸ ಸೋಫಾ ತಂದಿಟ್ಟ ಹಾಗೆ. ಹೊಸದು ನೋಡೋಕೆ ಚೆನ್ನಾಗಿಯೇ ಇತ್ತು, ಆದರೆ ನಾನು ಹತ್ತು ವರ್ಷ ಕೂತು ಕೂತು ತಗ್ಗು ಮಾಡಿಕೊಂಡಿದ್ದ ಜಾಗ ಅದರಲ್ಲಿ ಇರಲಿಲ್ಲ.

ಮೂರು ವಾರ ಆಡಿ ಅನ್‌ಇನ್‌ಸ್ಟಾಲ್ ಮಾಡಿದೆ. ಕಾರಣಗಳಲ್ಲಿ ಒಂದನ್ನು ಹೇಳಿದರೆ ನಗುತ್ತೀರಿ. ನಾನು ಎಡಚ. ಸೈಬರ್ ಸೆಂಟರ್‌ನಲ್ಲಿ ಇದರ ಹಳೇ ಆವೃತ್ತಿ 1.6 ಆಡುತ್ತಿದ್ದ ಕಾಲದಿಂದ ಬಂದೂಕು ಪರದೆಯ ಎಡಗಡೆ ಇಟ್ಟುಕೊಂಡೇ ಆಡಿದವನು. ಹೊಸ ಆಟ ಬಿಡುಗಡೆಯಾದಾಗ ಆ ಆಯ್ಕೆಯೇ ಇರಲಿಲ್ಲ. ಹಳೆಯದರಲ್ಲಿದ್ದ ಬೇರೆ ಬಗೆಯ ಆಟಗಳಾದ ಆರ್ಮ್ಸ್ ರೇಸ್ ಇಲ್ಲ, ಡೇಂಜರ್ ಝೋನ್ ಇಲ್ಲ, ಮ್ಯಾಕ್‌ನಲ್ಲಂತೂ ಆಟವೇ ಇಲ್ಲ. ಹೊಸ ಎಂಜಿನ್ ಮೇಲೆ ಕಟ್ಟಿದ್ದು, ಒಂದೊಂದಾಗಿ ಬರುತ್ತೆ ಎಂದು ಗೆಳೆಯರು ಸಮಾಧಾನ ಹೇಳಿದರು. ಬರಲಿ, ಬಂದ ಮೇಲೆ ನೋಡೋಣ ಅಂದುಕೊಂಡೆ.

ಬಂತು, ಆದರೆ ಕಂತಿನಲ್ಲಿ. 2024ರ ಫೆಬ್ರವರಿಯಲ್ಲಿ ಆರ್ಮ್ಸ್ ರೇಸ್, ಏಪ್ರಿಲ್‌ನಲ್ಲಿ ಎಡಗೈ, ನವೆಂಬರ್‌ನಲ್ಲಿ ಟ್ರೈನ್ ಮ್ಯಾಪ್ (ಮ್ಯಾಪ್ ಅಂದರೆ ಆಟ ನಡೆಯುವ ಜಾಗ). 2025ರ ಜುಲೈನಲ್ಲಿ ಕೈ ಮತ್ತು ಬಂದೂಕಿನ ಚಲನೆಯನ್ನೆಲ್ಲ ಹೊಸದಾಗಿ ಮಾಡಿದ ದೊಡ್ಡ ಅಪ್‌ಡೇಟ್. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಚಿಕ್ಕಮ್ಮನ ಮಗ ಆ ವಾರವೇ ಮೆಸೇಜ್ ಹಾಕಿದ: "ಅಣ್ಣಾ, ನಿನ್ನ ಎಡಗೈ ಬಂದು ವರ್ಷದ ಮೇಲಾಯ್ತು. ಇನ್ನೂ ಏನು ಕಾಯ್ತಿದೀಯ?" ಆಗಸ್ಟ್‌ನಲ್ಲಿ ಮತ್ತೆ ಹಾಕಿಕೊಂಡೆ. ಅಲ್ಲಿಂದ ಇಲ್ಲಿಗೆ ಐದು ತಿಂಗಳು, ಸುಮಾರು 190 ಗಂಟೆ.

ಮೊದಲು ಹೊಗೆಯ ಬಗ್ಗೆ ಹೇಳಿಬಿಡುತ್ತೇನೆ. ಮೂರೇ ವಾರಕ್ಕೆ ಬಿಟ್ಟು ಹೋಗಿದ್ದರಿಂದ ಇದರ ರುಚಿ ನನಗೆ ಆಗ ಸಿಕ್ಕಿರಲೇ ಇಲ್ಲ. ಸಿಎಸ್: ಗೋನಲ್ಲಿ ಸ್ಮೋಕ್, ಅಂದರೆ ಹೊಗೆ ಗ್ರೆನೇಡ್, ಒಂದು ಬೂದು ಗೋಡೆ. ಅದರ ಅಂಚಿನಲ್ಲಿ ಸರಿಯಾದ ಜಾಗ ಹಿಡಿದು ನಿಂತರೆ ನಿಮಗೆ ಎದುರಾಳಿಯ ಕಾಲು ಕಾಣುತ್ತಿತ್ತು, ಅವನಿಗೆ ನೀವು ಕಾಣುತ್ತಿರಲಿಲ್ಲ. ಆ ಕಳ್ಳ ಜಾಗಗಳನ್ನು ಕಲಿಯುವುದೇ ಒಂದು ವಿದ್ಯೆಯಾಗಿತ್ತು. ಈಗ ಹೊಗೆಗೆ ಗಾತ್ರ ಇದೆ, ಎಲ್ಲರಿಗೂ ಒಂದೇ ಹೊಗೆ ಕಾಣುತ್ತದೆ. ಇಕ್ಕಟ್ಟಿನ ಓಣಿಯಲ್ಲಿ ಹಾಕಿದರೆ ಉದ್ದಕ್ಕೆ ಹರಿಯುತ್ತದೆ, ಬಾಗಿಲ ಹತ್ತಿರ ಹಾಕಿದರೆ ಸಂದಿಯಿಂದ ಆಚೆ ಚೆಲ್ಲುತ್ತದೆ. ಗುಂಡು ಹಾರಿಸಿದರೆ ಅದರಲ್ಲಿ ಒಂದು ಸಣ್ಣ ಸೀಳು ಬಿಟ್ಟುಕೊಂಡು ತಕ್ಷಣ ಮುಚ್ಚುತ್ತದೆ. ಸಿಡಿಯುವ ಎಚ್‌ಇ ಗ್ರೆನೇಡ್ ಎಸೆದರೆ ಹೊಗೆ ಪಕ್ಕಕ್ಕೆ ಸರಿದು, ಒಂದು ಗಳಿಗೆ ಎಲ್ಲ ನಿಚ್ಚಳ.

ಆ ಒಂದು ಗಳಿಗೆಗೆ ಏನು ಬೆಲೆ ಎಂದು ನನಗೆ ಗೊತ್ತಾಗಿದ್ದು ಮಿರಾಜ್ ಮ್ಯಾಪ್‌ನಲ್ಲಿ ಬಾಂಬ್ ಇಡುವ ಜಾಗಗಳಲ್ಲಿ ಒಂದಾದ ಎ ಸೈಟ್‌ನಲ್ಲಿ. ಬಾಂಬ್ ನಾವೇ ಇಟ್ಟಿದ್ದೆವು. ನಮ್ಮವರು ಮೂವರು ಸತ್ತು ನಾನು, ನನ್ನ ತಮ್ಮ ಇಬ್ಬರೇ ಉಳಿದಿದ್ದೆವು, ಎದುರಾಳಿ ಒಬ್ಬನೇ. ಅವನು ಬಾಂಬ್ ಮೇಲೆ ಸ್ಮೋಕ್ ಹಾಕಿ ಒಳಗೆ ಕೂತು ಡಿಫ್ಯೂಸ್, ಅಂದರೆ ಬಾಂಬ್ ಸಿಡಿಯದಂತೆ ಮಾಡುವ ಕೆಲಸ, ಶುರು ಮಾಡಿದ. ಡಿಫ್ಯೂಸ್ ಕಿಟ್ ಇದ್ದರೆ 5 ಸೆಕೆಂಡ್, ಇಲ್ಲದಿದ್ದರೆ 10. ನಾನು ಹಳೇ ಅಭ್ಯಾಸದಂತೆ ಹೊಗೆಯೊಳಗೆ ಅಂದಾಜಿನ ಮೇಲೆ ಎಕೆ-47 ಬಂದೂಕು ಖಾಲಿ ಮಾಡುತ್ತಾ ಕೂತಿದ್ದೆ. ತಮ್ಮ ಮೈಕ್‌ನಲ್ಲಿ ಕಿರುಚಿದ: "ಅಣ್ಣಾ, ಗುಂಡು ಸಾಕು, ಎಚ್‌ಇ ಹಾಕು!" ಹಾಕಿದೆ. ಹೊಗೆ ಅಗಲವಾಗಿ ಬಾಯಿ ಬಿಟ್ಟಿತು. ಒಳಗೆ ಅವನು ಕುಕ್ಕರುಗಾಲಲ್ಲಿ ಕೂತು ತಂತಿ ಕೀಳುತ್ತಿದ್ದ, ನನ್ನ ಕಡೆಗೆ ಬೆನ್ನು. ಎಷ್ಟೋ ವರ್ಷ ಆಡಿದ ಮ್ಯಾಪ್‌ನಲ್ಲಿ ನಾನು ಯಾವತ್ತೂ ನೋಡದ ದೃಶ್ಯ ಅದು. ಅವನನ್ನು ಹೊಡೆದಿದ್ದು ತಮ್ಮ, ಅದು ಬೇರೆ ಮಾತು. ನಾನು ನೋಡುತ್ತಾ ಕೂತುಬಿಟ್ಟಿದ್ದೆ.

ಸಿಎಸ್ ಆಟದಲ್ಲಿ ಗುರಿ ಎಷ್ಟು ಮುಖ್ಯವೋ ಯಾರು ಎಲ್ಲಿದ್ದಾರೆ ಎಂಬ ಸುದ್ದಿಯೂ ಅಷ್ಟೇ ಮುಖ್ಯ. ಹೊಸ ಹೊಗೆ ಆ ಸುದ್ದಿಯ ವ್ಯಾಪಾರವನ್ನೇ ಬದಲಿಸಿದೆ. ಮೊದಲು ಒಂದು ಸ್ಮೋಕ್ ಹಾಕಿದರೆ ಆ ದಾರಿ ಮುಚ್ಚಿತು ಎಂದು ನಿಶ್ಚಿಂತೆಯಾಗಿ ಬೇರೆ ಕಡೆ ತಿರುಗಬಹುದಿತ್ತು. ಈಗ ಎದುರಿನವನ ಹತ್ತಿರ ಎಚ್‌ಇ ಉಳಿದಿದೆಯೋ ಇಲ್ಲವೋ ಎಂದು ಲೆಕ್ಕ ಇಡಬೇಕು.

ಪಂದ್ಯ ಚಿಕ್ಕದಾಗಿದ್ದು ನನ್ನಂಥ ಸಂಸಾರಸ್ಥರಿಗೆ ವರ. ಮೊದಲು 16 ರೌಂಡ್ ಗೆಲ್ಲಬೇಕಿತ್ತು, ಈಗ 13. ಊಟ ಆದ ಮೇಲೆ ಒಂದು ಪಂದ್ಯ ಆಡಿ ಮಲಗಬಹುದು. ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಒಟ್ಟು 24 ರೌಂಡ್‌ನಲ್ಲಿ ಎರಡು ಪಿಸ್ತೂಲ್ ರೌಂಡ್ (ಪ್ರತಿ ಅರ್ಧದ ಮೊದಲನೆಯದು, ಕೈಯಲ್ಲಿ ಬರೀ ಪಿಸ್ತೂಲು). ಅವು ಕೈತಪ್ಪಿದರೆ ಬಂದೂಕು ಕೊಳ್ಳಲು ದುಡ್ಡು ಸಾಲದೆ ನಂತರದ ರೌಂಡ್‌ಗಳೂ ಬಹುಪಾಲು ಹೋದ ಹಾಗೆ. ಎಕೆ-47 ಬೆಲೆ ಆಟದ ದುಡ್ಡಿನಲ್ಲಿ ಅದೇ 2700 ಡಾಲರ್, ಜೇಬು ತುಂಬುವ ವೇಗವೂ ಹೆಚ್ಚುಕಡಿಮೆ ಹಿಂದಿನದೇ, ಚೇತರಿಸಿಕೊಳ್ಳಲು ಉಳಿದ ರೌಂಡ್ ಮಾತ್ರ ಕಡಿಮೆ. 3-12ರಿಂದ ಎದ್ದು ಬಂದು ಗೆಲ್ಲುವ ಆ ಹುಚ್ಚು ರಾತ್ರಿಗಳು ಈಗ ಅಪರೂಪ. ನನಗೆ ಇದು ನಷ್ಟ ಅನ್ನಿಸುತ್ತದೆ, ತಮ್ಮನಿಗೆ ಅನ್ನಿಸುವುದಿಲ್ಲ. ಅವನು ಹಳೆಯದನ್ನು ಅಷ್ಟಾಗಿ ಆಡಿಲ್ಲ.

ಇನ್ನು ಸಬ್-ಟಿಕ್. ಸರ್ವರ್ ಸೆಕೆಂಡಿಗೆ 64 ಸಲ ಲೋಕವನ್ನು ಲೆಕ್ಕ ಹಾಕುತ್ತದೆ. ಆ ಎರಡು ಲೆಕ್ಕಗಳ ನಡುವೆ ನೀವು ಯಾವ ಕ್ಷಣದಲ್ಲಿ ಕ್ಲಿಕ್ ಮಾಡಿದಿರಿ ಎಂಬುದನ್ನೂ ಈಗ ಅದು ಬರೆದುಕೊಳ್ಳುತ್ತದೆ. ಬಿಡುಗಡೆಯ ದಿನಗಳಲ್ಲಿ ಇದರ ಬಗ್ಗೆ ನಡೆದ ಜಗಳ ಅಷ್ಟಿಷ್ಟಲ್ಲ. ಜುಲೈ ಅಪ್‌ಡೇಟ್ ಆದಮೇಲೆ ಬಂದ ನನಗೆ ಬಂದೂಕು ಹಿಡಿತಕ್ಕೆ ಸಿಗುತ್ತಿದೆ, ಗುಂಡು ಗುರಿ ಇಟ್ಟ ಕಡೆ ಹೋಗುತ್ತಿದೆ. ಗೋಡೆಯ ಹಿಂದೆ ಬಂದ ಮೇಲೂ ಸಾಯುವುದು ಪೂರ್ತಿ ನಿಂತಿಲ್ಲ, ಆದರೆ ಅದರಲ್ಲಿ ಪಿಂಗ್‌ನ (ಸರ್ವರ್‌ಗೆ ಸುದ್ದಿ ಹೋಗಿಬರುವ ಸಮಯ) ಪಾಲೂ ಇದೆ. ಬೆಂಗಳೂರಿನ ನನ್ನ ಮನೆಯಿಂದ ಚೆನ್ನೈ ಸರ್ವರ್‌ಗೆ 15 ಮಿಲಿಸೆಕೆಂಡ್ ಒಳಗೆ, ಮುಂಬೈ ಸಿಕ್ಕರೆ 30ರ ಆಸುಪಾಸು. ಎದುರಿನವನು ಎಲ್ಲಿಂದ ಆಡುತ್ತಿದ್ದಾನೋ ದೇವರಿಗೇ ಗೊತ್ತು.

ನನ್ನ ನಿಜವಾದ ಶತ್ರು ಸರ್ವರ್ ಅಲ್ಲ, ನಮ್ಮ ಏರಿಯಾದ ಇಂಟರ್ನೆಟ್ ಕೇಬಲ್. ಅಕ್ಟೋಬರ್‌ನಲ್ಲಿ ಒಂದು ಸಂಜೆ ಮಳೆ ಶುರುವಾಗಿ, ಸ್ಕೋರ್ 11-11 ಇದ್ದಾಗ ಲೈನ್ ಹೋಯಿತು. ಫೋನಿನ ಹಾಟ್‌ಸ್ಪಾಟ್ ಹಚ್ಚಿ ವಾಪಸ್ ಹೋಗುವಷ್ಟರಲ್ಲಿ ಪಂದ್ಯ ಮುಗಿದಿತ್ತು. ಪಂದ್ಯ ಬಿಟ್ಟು ಹೋದವನೆಂದು ಮೊದಲ ಸಲಕ್ಕೆ 30 ನಿಮಿಷ ಆಡದಂತೆ ಶಿಕ್ಷೆ. ಅದೇ ವಾರ ಮತ್ತೆ ಆಯಿತು, 2 ಗಂಟೆ. ಮೂರನೆಯದಕ್ಕೆ ಇಡೀ ದಿನ ಎಂದು ತಿಳಿದ ಮೇಲೆ ಮೋಡ ನೋಡಿಕೊಂಡೇ ಪಂದ್ಯಕ್ಕೆ ಕೂರುತ್ತೇನೆ. ರೈತನ ಮಗ, ಅಷ್ಟು ಗೊತ್ತಾಗುತ್ತದೆ.

ಮೋಸಗಾರರ ವಿಷಯ ಕೇಳುತ್ತೀರಿ, ಗೊತ್ತು. ಇದ್ದಾರೆ. ಒಬ್ಬನನ್ನು ಪಂದ್ಯದ ನಡುವೆಯೇ ಮೋಸ ಹಿಡಿಯುವ ವ್ಯವಸ್ಥೆ ವ್ಯಾಕ್ ಲೈವ್ ಹಿಡಿದು ಆಟವನ್ನೇ ರದ್ದು ಮಾಡಿದಾಗ ನಾವು ಐವರೂ ಕಪ್ ಗೆದ್ದವರ ಹಾಗೆ ಕೂಗಾಡಿದೆವು. ಅಂಕ ಕೊಟ್ಟು ಮಟ್ಟ ಅಳೆಯುವ ಪ್ರೀಮಿಯರ್ ಪಂದ್ಯಗಳಲ್ಲಿ ನನ್ನದು 9,400, ತಿಳಿನೀಲಿ ಬಣ್ಣ, 10,000ಕ್ಕೆ ಗಾಢನೀಲಿ. ಮೇಲ್ಮಟ್ಟದಲ್ಲಿ ಆಡುವವರ ಗೋಳು ನನ್ನ ಅನುಭವಕ್ಕೆ ಬಂದಿಲ್ಲ, ಆ ಎತ್ತರಕ್ಕೆ ನಾನು ಹೋಗುವುದೂ ಇಲ್ಲ. ಒಬ್ಬನೇ ಕೂತು ಪ್ರೀಮಿಯರ್ ಆಡುವುದನ್ನು ಮಾತ್ರ ಬಿಟ್ಟಿದ್ದೇನೆ. ಗುರುತಿಲ್ಲದ ನಾಲ್ವರ ಜೊತೆ ಆಡಿದರೆ ಒಬ್ಬ ಹಿಂದಿಯಲ್ಲಿ, ಒಬ್ಬ ತಮಿಳಿನಲ್ಲಿ ಬೈಯುತ್ತಾನೆ, ಮೂರನೆಯವನು ಮೈಕ್ ಹಾಕಿಕೊಂಡೇ ಚುರುಮುರಿ ತಿನ್ನುತ್ತಾನೆ.

ಬಂದೂಕಿಗೆ ಬಣ್ಣ ಬಳಿಯುವ ಸ್ಕಿನ್ ವ್ಯಾಪಾರಕ್ಕೆ ನಾನು ಹೋಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ ಆರ್ಮರಿ ಪಾಸ್‌ನಲ್ಲಿ ದುಡ್ಡು ಕೊಟ್ಟು, ಆಡಿ, ಕ್ರೆಡಿಟ್ ಸಂಪಾದಿಸಿ, ಸಾಮಾನು ಬಿಡಿಸಿಕೊಳ್ಳಬೇಕು. ಕೊಟ್ಟ ದುಡ್ಡಿಗೆ ಮತ್ತೆ ದುಡಿಯುವುದು ಯಾವ ನ್ಯಾಯ ಎಂದು ನನಗೆ ಇನ್ನೂ ಹೊಳೆದಿಲ್ಲ. 2025ರ ಅಕ್ಟೋಬರ್‌ನಲ್ಲಿ ಐದು ಕೆಂಪು ದರ್ಜೆಯ ಸ್ಕಿನ್ ಕೊಟ್ಟು, ಅಪರೂಪಕ್ಕೆ ಸಿಗುತ್ತಿದ್ದ ಚಾಕು ಅಥವಾ ಗ್ಲೌಸ್ ಪಡೆಯುವ ದಾರಿ ತೆರೆದರು, ಮಾರುಕಟ್ಟೆಯಲ್ಲಿ ಚಾಕುಗಳ ಬೆಲೆ ರಾತ್ರೋರಾತ್ರಿ ಕುಸಿಯಿತು. ಚಾಕುವನ್ನು ಎಫ್‌ಡಿ ಅಂದುಕೊಂಡವರ ಬಗ್ಗೆ ನನಗೆ ಕನಿಕರ ಇದೆ, ಸ್ವಲ್ಪ.

ಟ್ರೈನ್ ಮ್ಯಾಪ್ ನನಗೆ ಇಷ್ಟವಾಯಿತು. ಅಲ್ಲೀಗ ನೆಲವೆಲ್ಲ ಒದ್ದೆ, ಮೇಲೆ ಮೋಡ, ರೈಲು ಬೋಗಿಗಳ ಮೇಲೆ ನೀರಿನ ಹೊಳಪು. ಹಳೇ ಮ್ಯಾಪ್‌ನ ಎಲ್ಲ ಸಂದಿಯೂ ನನಗೆ ಗೊತ್ತು ಎಂಬ ಜಂಬದಲ್ಲಿ ಹೋದೆ, ಮೊದಲ ಅರ್ಧದಲ್ಲಿ ಎರಡೇ ಕಿಲ್. ಡೇಂಜರ್ ಝೋನ್ ಇವತ್ತಿಗೂ ಬಂದಿಲ್ಲ. ನಾವು ಇಬ್ಬರೇ ಸಿಕ್ಕಿದ ರಾತ್ರಿ ಅದು ಇರಬೇಕಿತ್ತು ಅನ್ನಿಸುತ್ತದೆ.

ನನ್ನ ಕಂಪ್ಯೂಟರ್ ಬಗ್ಗೆಯೂ ಒಂದು ಮಾತು. ಸಿಎಸ್: ಗೋ ಹಳೇ ಡಬ್ಬದಲ್ಲೂ ಓಡುತ್ತಿತ್ತು, ಇದು ಹಾಗಲ್ಲ. ನಾನು ಕೊನೆಗೆ ಗ್ರಾಫಿಕ್ಸ್ ಕಾರ್ಡ್ ಬದಲಿಸಿದೆ. ಆ ಖರ್ಚು ಹೆಂಡತಿಯ ಲೆಕ್ಕದಲ್ಲಿ "ಆಟ ಫ್ರೀ ಅಂದ್ರಲ್ಲ" ಎಂಬ ತಲೆಬರಹದಡಿ ಇನ್ನೂ ಬಾಕಿ ಇದೆ.

ಕೊನೆಗೆ ಎಡಗೈ. ಬರೀ ಎಡಚರ ಸಮಾಧಾನಕ್ಕೆ ಅದನ್ನು ವಾಪಸ್ ಕೊಟ್ಟಿದ್ದಾರೆ ಅಂದುಕೊಂಡಿದ್ದೆ. ಈಗ ಅದಕ್ಕೊಂದು ಕೀ ಇದೆ: ಎಚ್ ಒತ್ತಿದರೆ ಆಟದ ನಡುವೆಯೇ ಬಂದೂಕು ಒಂದು ಕೈಯಿಂದ ಇನ್ನೊಂದಕ್ಕೆ. ಬಲಗಡೆಯ ಮೂಲೆ ಕಾಯುವಾಗ ಬಂದೂಕು ಎಡಕ್ಕಿದ್ದರೆ ಪರದೆಯ ಆ ಭಾಗ ಖಾಲಿಯಾಗಿ ಕಾಣುತ್ತದೆ, ಎಡಗಡೆಗೆ ತಿರುಗಿದಾಗ ಬಲಕ್ಕೆ ಹಾಕಿಕೊಳ್ಳಬಹುದು. ತಮ್ಮ ಬಲಚನಾದರೂ ಒಂದೊಂದು ಬಾಗಿಲಿಗೂ ಕೈ ಬದಲಿಸುತ್ತಾ ಓಡುತ್ತಾನೆ. ನಾನು ಎರಡು ವರ್ಷ ಇದಕ್ಕಾಗಿ ಮುನಿಸಿಕೊಂಡು ಕೂತವನು, ಆ ಕೀಯನ್ನು ಒಂದೇ ಸಲ ಒತ್ತಿ ಹಾಗೇ ಬಿಟ್ಟಿದ್ದೇನೆ.