ಈಕ್ವಲೈಜರ್ 10ಕೆ ಹಿಚ್: ಒಮ್ಮೆ ಹಗುರ, ಒಮ್ಮೆ ಭಾರ ಎಳೆಯುವವರಿಗೆ

ಫೀನಿಕ್ಸ್‌ನಲ್ಲಿರುವವರಿಗೆ ಬೇಸಿಗೆ ಬಂತೆಂದರೆ ಫ್ಲ್ಯಾಗ್‌ಸ್ಟಾಫ್ ಕಡೆಯ ಪೈನ್ ಕಾಡೇ ಗತಿ. ನಮ್ಮದು ಫೋರ್ಡ್ ಎಫ್-150 ಪಿಕಪ್ ಟ್ರಕ್, ಹಿಂದೆ 25 ಅಡಿಯ ಟ್ರಾವೆಲ್ ಟ್ರೇಲರ್, ಅಂದರೆ ಎಳೆದುಕೊಂಡು ಹೋಗುವ ಚಕ್ರದ ಮನೆ. ಇವೆರಡನ್ನು ಜೋಡಿಸುವ ಹಿಚ್ ಆಗಿ ಕೆಲವು ವರ್ಷಗಳಿಂದ ಇರುವುದು ಈಕ್ವಲೈಜರ್ 10ಕೆ. ಹಾಕಿಸಿದ ಮೇಲೆ ಮರೆತುಬಿಡಬಹುದಾದ ವಸ್ತು ಇದಲ್ಲ. ಯಾಕೆಂದರೆ ನಮ್ಮ ಭಾರ ಒಂದೇ ಸಮ ಇರುವುದಿಲ್ಲ.

ನೀರು, ಕರೆಂಟು ಸಿಗುವ ಕ್ಯಾಂಪ್‌ಗ್ರೌಂಡಿಗೆ ಹೊರಟರೆ ಟ್ಯಾಂಕ್ ಖಾಲಿ. ಕಾಡಿನೊಳಗೆ ಬಿಡಾರ ಹೂಡುವುದಾದರೆ ಮನೆಯಲ್ಲೇ 50 ಗ್ಯಾಲನ್ ತುಂಬಿಸಿಕೊಳ್ಳಬೇಕು. ಒಂದು ಗ್ಯಾಲನ್ನಿಗೆ 8.34 ಪೌಂಡ್, ಅಂದರೆ ನೀರೇ 417 ಪೌಂಡ್. ಅದರ ಮೇಲೆ ಜನರೇಟರ್, ಪೆಟ್ರೋಲ್ ಕ್ಯಾನು, ಸೌದೆ. ನಮ್ಮ ಟ್ಯಾಂಕ್ ಟ್ರೇಲರ್ ಚಕ್ರಗಳಿಗಿಂತ ಮುಂದಿದೆ, ಹಾಗಾಗಿ ನೀರು ತುಂಬಿದರೆ ಟ್ರಕ್ಕಿಗೆ ಸಿಕ್ಕಿಸುವ ಮೂತಿಯ ಭಾರ ಏರುತ್ತದೆ. ಟ್ಯಾಂಕ್ ಹಿಂದಿರುವ ಟ್ರೇಲರುಗಳಲ್ಲಿ ಇದು ತಿರುವುಮುರುವು: ನೀರು ತುಂಬಿದಷ್ಟೂ ಮೂತಿ ಹಗುರವಾಗಿ ಟ್ರೇಲರ್ ಓಲಾಡುವ ಅಪಾಯ ಜಾಸ್ತಿ. ನಿಮ್ಮದು ಎಲ್ಲಿದೆ ಅಂತ ಮೊದಲು ಬಗ್ಗಿ ನೋಡಿ.

ಮೂತಿ ಹಿಚ್ ಮೇಲೆ ಹೊರಿಸುವ ಈ ಭಾರಕ್ಕೇ ಟಂಗ್ ವೇಯ್ಟ್ ಅನ್ನುವುದು. ಟ್ರೇಲರಿನ ಒಟ್ಟು ಭಾರದಲ್ಲಿ ಅದು ನೂರಕ್ಕೆ 10ರಿಂದ 15ರಷ್ಟಿರಬೇಕು. ನಮ್ಮದು ಹಗುರವಾಗಿ ಹೋದಾಗ ಸುಮಾರು 690 ಪೌಂಡ್, ಕಾಡಿಗೆ ಹೋದಾಗ 910ರ ಆಸುಪಾಸು. ನನ್ನ ಗಾಡಿಯ ಹಿಂದೆ ಹಿಚ್ ತೂರಿಸುವ ರಿಸೀವರ್ ಮೇಲಿನ ಸ್ಟಿಕರ್ ಪ್ರಕಾರ ಬರೀ ಬಾಲ್ (ಟ್ರೇಲರ್ ಮೂತಿ ಕೂರುವ ಗುಂಡು) ಮೇಲೆ 500 ಪೌಂಡ್ ತನಕ ಮಾತ್ರ. ಅದಕ್ಕಿಂತ ಜಾಸ್ತಿ ಇದ್ದರೆ ಭಾರ ಹಂಚುವ ಹಿಚ್ ಬೇಕೇ ಬೇಕು. ಅದರ ಎರಡು ಸ್ಪ್ರಿಂಗ್ ಬಾರುಗಳು, ಅಂದರೆ ಉಕ್ಕಿನ ಸರಳುಗಳು, ಬಾಗಿ, ಹಿಂದಿನ ಆಕ್ಸಲ್ ಮೇಲೆ ಕುಳಿತ ಭಾರದಲ್ಲಿ ಒಂದಿಷ್ಟನ್ನು ಮುಂದಿನ ಚಕ್ರಗಳಿಗೂ, ಇನ್ನೊಂದಿಷ್ಟನ್ನು ಟ್ರೇಲರ್ ಚಕ್ರಗಳಿಗೂ ದಾಟಿಸುತ್ತವೆ.

ಟ್ರೇಲರ್ ಕೊಟ್ಟ ಅಂಗಡಿಯವರು 14ಕೆ ತಗೊಳ್ಳಿ, ದೊಡ್ಡದಿದ್ದರೆ ಒಳ್ಳೆಯದೇ ಅಲ್ವಾ ಅಂದರು. ಒಳ್ಳೆಯದಲ್ಲ. 14ಕೆಯ ಬಾರು 1,400 ಪೌಂಡ್ ಟಂಗ್ ವೇಯ್ಟಿಗೆ ಮಾಡಿದ್ದು, 690 ಪೌಂಡಿಗೆ ಸರಿಯಾಗಿ ಬಾಗುವುದೇ ಇಲ್ಲ. ರಸ್ತೆಯ ಪ್ರತಿ ಏಟೂ ನೇರವಾಗಿ ಎರಡೂ ಫ್ರೇಮಿಗೆ ಹೋಗುತ್ತದೆ. 600ರ ಬಾರು ನಮ್ಮ ಹಗುರ ಭಾರಕ್ಕೂ ಸಾಲದು. 10ಕೆ ಬಾರು 1,000 ಪೌಂಡಿನದು, ನಮ್ಮ ಎರಡೂ ತುದಿ ಅದರೊಳಗೆ ಬರುತ್ತವೆ. ಒಂದು ಮಾತು: ಟ್ರಕ್ಕಿನ ಹಿಂದಿನ ಆಕ್ಸಲ್ ದಾಟಿ ಇಟ್ಟ ಸಾಮಾನನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಹಾಗಾಗಿ ಕಾಡಿಗೆ ಹೋಗುವಾಗ ನಮ್ಮ ಐಸ್ ಬಾಕ್ಸ್ ಕ್ಯಾಬಿನ್ ಕಡೆಗೆ ಒತ್ತಿಕೊಂಡು ಕೂರುತ್ತದೆ.

ಇಷ್ಟಾದ ಮೇಲೂ ಅಂದಾಜಿನಲ್ಲಿ ಸೆಟ್ ಮಾಡಬೇಡಿ. ಟ್ರಕ್ ಸ್ಟಾಪಿನಲ್ಲಿ ಲಾರಿ ತೂಗುವ ಕ್ಯಾಟ್ ಸ್ಕೇಲ್ ಮೇಲೆ ಮೂರು ಸಲ ತೂಗಿಸಿ: ಬಾರು ಹಾಕಿ, ಬಾರು ತೆಗೆದು, ಟ್ರಕ್ ಒಂದನ್ನೇ. ನಮ್ಮ ಟ್ರಕ್ಕಿನ ಮುಂದಿನ ಆಕ್ಸಲ್ ಒಂಟಿಯಾಗಿದ್ದಾಗ 3,060 ಪೌಂಡ್. ಭಾರದ ಟ್ರೇಲರನ್ನು ಬಾರಿಲ್ಲದೆ ಸಿಕ್ಕಿಸಿದರೆ 2,720. ಬಾರು ಹಾಕಿದರೆ 2,900. ಕಳೆದುಕೊಂಡ 340ರಲ್ಲಿ 180 ವಾಪಸ್. ಎಫ್-150 ಕೈಪಿಡಿ ಕೇಳುವುದೂ ಸುಮಾರು ಅರ್ಧವನ್ನೇ. ಅದೇ ಸೆಟ್ಟಿಂಗಿನಲ್ಲಿ ಹಗುರ ಟ್ರೇಲರ್ ಎಳೆದರೆ ಅರ್ಧಕ್ಕಿಂತ ಬಹಳ ಜಾಸ್ತಿ ವಾಪಸ್ ಬರುತ್ತದೆ. ಹಿಂದಿನ ಚಕ್ರಗಳು ಹಗುರವಾಗಿ ತಿರುವಿನಲ್ಲಿ ಹಿಂಭಾಗ ಜಾರುವ ಸ್ವಭಾವ ಶುರುವಾಗುತ್ತದೆ. ಅದಕ್ಕೆ ಹಗುರ ಪ್ರಯಾಣಕ್ಕೆ, ಬಾರಿನ ತುದಿ ಕೂರುವ ಎಲ್ ಬ್ರಾಕೆಟ್ಟನ್ನು ಒಂದು ತೂತು ಕೆಳಗಿಳಿಸುತ್ತೇನೆ. ಎರಡೂ ಜಾಗಕ್ಕೆ ಪೇಂಟಿನಲ್ಲಿ ಗುರುತು ಹಾಕಿದ್ದೇನೆ, ಒಂದು ಕೆಂಪು, ಒಂದು ಬಿಳಿ.

ಈ ಹಿಚ್ಚಿನಲ್ಲಿ ನನಗೆ ಕಿರಿಕಿರಿಯ ಕೆಲಸ ಅಂದರೆ ಇದೇ. ಸ್ಪ್ಯಾನರ್ ಬೇಕು, ಬಿಗಿತ ನೋಡಲು ಟಾರ್ಕ್ ವ್ರೆಂಚ್ ಬೇಕು, ಸಮತಟ್ಟು ಜಾಗ ಬೇಕು. ಬಾರನ್ನು ಚೈನಿಗೆ ನೇತುಹಾಕುವ ಹಿಚ್ಚುಗಳಲ್ಲಿ ಒಂದು ಕೊಂಡಿ ಆಚೆ ಈಚೆ ಮಾಡಿದರೆ ಮುಗಿಯಿತು. ವಾರಕ್ಕೊಂದು ಬೇರೆ ಭಾರ ಎಳೆಯುವವರು ಅವನ್ನೇ ನೋಡಿ.

ನಾನು ಇದನ್ನೇ ಇಟ್ಟುಕೊಂಡಿರುವುದು ಗಾಳಿಗಾಗಿ. ಐ-17 ಹೆದ್ದಾರಿಯಲ್ಲಿ ಸನ್‌ಸೆಟ್ ಪಾಯಿಂಟ್ ಹತ್ತಿರ, ಮತ್ತೆ ಐ-40ರಲ್ಲಿ ವಿನ್ಸ್‌ಲೋ ಕಡೆ ಅಡ್ಡಗಾಳಿ ಬೀಸಿದರೆ ಟ್ರೇಲರ್ ಪಕ್ಕಕ್ಕೆ ವಾಲಲು ನೋಡುತ್ತದೆ. ಬಾರು ಉಕ್ಕಿನ ಬ್ರಾಕೆಟ್ ಮೇಲೂ, ಬಾಲ್ ಇರುವ ಹೆಡ್ಡಿನೊಳಗೂ ಉಜ್ಜುವ ಘರ್ಷಣೆಯೇ ಅದನ್ನು ತಡೆಯುತ್ತದೆ. ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಸ್ಟೀರಿಂಗಿನಲ್ಲಿ ಆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ರಿವರ್ಸ್ ತೆಗೆಯುವಾಗಲೂ ಬಾರು ಬಿಚ್ಚಬೇಕಿಲ್ಲ. ಉಜ್ಜುವ ಬಗೆಯ ಹಲವು ಹಿಚ್ಚುಗಳಂತೆ ಇದೂ ತಿರುವಿನಲ್ಲಿ ಕಿರ್ರೆನ್ನುತ್ತದೆ. ಸದ್ದಿದೆ ಅಂತ ಗಾಬರಿ ಬೇಡ.

ಬಾರು ಏರಿಸುವಾಗ ಮಾತ್ರ ಅವಸರ ಮಾಡಬೇಡಿ. ಬಾಲನ್ನು ಹಿಡಿಯುವ ಕಪ್ಲರ್ ಲಾಕ್ ಆದ ಮೇಲೆ ಮೂತಿಯ ಜಾಕ್ ಎತ್ತಿದರೆ ಟ್ರಕ್ಕಿನ ಹಿಂಭಾಗವೂ ಜೊತೆಗೇ ಏಳುತ್ತದೆ, ಆಗ ಬಾರು ಸಲೀಸಾಗಿ ಬ್ರಾಕೆಟ್ ಮೇಲೆ ಕೂರುತ್ತದೆ. ಜಾಕ್ ಎತ್ತದೆ ಬರೀ ಕಬ್ಬಿಣದ ಕೋಲಿನಿಂದ ಮೀಟಿದರೆ ಅದು ಮುಖಕ್ಕೇ ಚಿಮ್ಮಬಹುದು. ಕೂರಿಸಿದ ಮೇಲೆ ಪಿನ್, ಕ್ಲಿಪ್ ಎರಡನ್ನೂ ಮುಟ್ಟಿ ನೋಡಿ. ಹೆಡ್ಡಿನೊಳಗೆ ಬಾರು ಸೇರುವ ಜಾಗಕ್ಕೆ ಗ್ರೀಸ್ ತಪ್ಪಿಸಬೇಡಿ. ಇಲ್ಲಿನ ಧೂಳಿಗೆ ಹಳೆಯ ಗ್ರೀಸ್ ಬೇಗ ಮರಳಾಗುತ್ತದೆ, ಅದನ್ನು ಒರೆಸಿ ತೆಗೆದು ಹೊಸದು ಹಚ್ಚಿ.