ನಿಕೋಟಿನ್ ಚೂಯಿಂಗ್ ಗಮ್: ಬಳ್ಳಾರಿಯಲ್ಲಿ ಬಳಸುವವರಿಗೆ

ಸಿಗರೇಟಿನ ನಿಕೋಟಿನ್ 10–20 ಸೆಕೆಂಡಿನಲ್ಲಿ ಮಿದುಳು ಮುಟ್ಟಿ, ಸುಖದ ಅನುಭವ ಕೊಡುವ ಡೋಪಮೈನ್ ಎಂಬ ರಾಸಾಯನಿಕವನ್ನು ಚಿಮ್ಮಿಸುತ್ತದೆ. ಚಟ ಅಂಟುವುದು ಮುಖ್ಯವಾಗಿ ಆ ವೇಗಕ್ಕೆ. ಸಿಗರೇಟು ಬಿಡಲು ಅಗಿಯುವ ಈ ಗಮ್‌ನಲ್ಲಿ ನಿಕೋಟಿನ್ ಏರಲು ಸುಮಾರು ಅರ್ಧ ಗಂಟೆ ಬೇಕು. ಹಾಗಾಗಿ ಸೇದಿದ ಸುಖ ಸಿಗುವುದಿಲ್ಲ, ಚಡಪಡಿಕೆ ತಗ್ಗುತ್ತದೆ. ಇದರ ದೊಡ್ಡ ಗುಣವೇ ಅದು.

ಮೆಡಿಕಲ್ ಶಾಪ್‌ನಲ್ಲಿ 2 ಮಿ.ಗ್ರಾಂ.ನದು ಕೇಳಿ. ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಬೇಕೇಬೇಕು ಎನ್ನುವವರು 4 ಮಿ.ಗ್ರಾಂ. ಬಗ್ಗೆ ವೈದ್ಯರನ್ನು ವಿಚಾರಿಸಲಿ.

‘ಗಮ್ ಕೆಲ್ಸ ಮಾಡಲ್ಲ’ ಎಂಬ ದೂರಿಗೆ ಹೆಚ್ಚಾಗಿ ಅಗಿಯುವ ರೀತಿಯೇ ಕಾರಣ. ನಿಧಾನ ಅಗಿದು, ಬಾಯಿ ಚುರುಗುಟ್ಟಿದೊಡನೆ ಕೆನ್ನೆ ಮತ್ತು ಒಸಡಿನ ನಡುವೆ ಇಡಿ. ಚುರುಗುಟ್ಟುವುದು ಇಳಿದ ಮೇಲೆ ಮತ್ತೆ ಅಗಿದು ಇನ್ನೊಂದು ಕಡೆ ಇಡಿ. ಒಂದಕ್ಕೆ 30 ನಿಮಿಷ. ಬಬಲ್‌ಗಮ್‌ನಂತೆ ಜಗಿದರೆ ನಿಕೋಟಿನ್ ಎಂಜಲಿನೊಡನೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ. ನಮ್ಮ ಬಿಸಿಲಿನ ಊರಿನಲ್ಲಿ ಇನ್ನೊಂದು ಅಡ್ಡಿ ಲಿಂಬೆ ಸೋಡಾ, ಮಜ್ಜಿಗೆ, ಕಾಫಿ: ಬಾಯಿ ಹುಳಿಯಾದರೆ ಅದರ ಒಳಚರ್ಮ ನಿಕೋಟಿನ್ ಹೀರುವುದೇ ಕಡಿಮೆ. ಗಮ್‌ಗೆ 15 ನಿಮಿಷ ಮುಂಚಿನಿಂದ ಅವು ಬೇಡ.

ಮೊದಲ 6 ವಾರ ಒಂದೆರಡು ಗಂಟೆಗೊಂದು, ದಿನಕ್ಕೆ 24 ಮೀರಬಾರದು. ಆಮೇಲೆ ಇಳಿಸುತ್ತ 12 ವಾರಕ್ಕೆ ನಿಲ್ಲಿಸಿ. ಸಲಹೆ ಬೇಕಿದ್ದರೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತ.