ಫಿಜಿ: ಏಳು ವರ್ಷದ ಬಳಕೆ, ಸೊನ್ನೆ ರೂಪಾಯಿಯ ಲೆಕ್ಕ

ಬಳಸಿದ್ದು ಫಿಜಿ, ಅಂದರೆ ಬೇಕಾದ ಪ್ಲಗಿನ್‌ಗಳನ್ನು ಮೊದಲೇ ಹೊಂದಿಸಿಟ್ಟ ಇಮೇಜ್‌ಜೆ, ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಎಣಿಸುವ, ಅಳೆಯುವ ಸಾಫ್ಟ್‌ವೇರು. ಜಾಗ ಮೈಸೂರಿನ ಒಂದು ಲ್ಯಾಬ್. ಕೆಲಸ: ಮಂಡ್ಯ ಕಡೆಯ ಗದ್ದೆಗಳಿಂದ ಬರುವ ಎಲೆಗಳಲ್ಲಿ ಭತ್ತದ ಬೆಂಕಿ ರೋಗದ ಸ್ಪೋರ್ (ಶಿಲೀಂಧ್ರದ ಬೀಜಕಣ) ಎಣಿಸುವುದು, ರಾಗಿ ಪಿಷ್ಟದ ಕಣ ಅಳೆಯುವುದು, ಆಗೀಗ ಫ್ಲೋರೆಸೆನ್ಸ್, ಅಂದರೆ ಹೊಳೆಯುವ ಬಣ್ಣ ಹಾಕಿ ತೆಗೆದ ಚಿತ್ರಗಳು. ಕಂಪ್ಯೂಟರ್ 8 ಜಿಬಿ ರ‍್ಯಾಮಿನ ಸಾಧಾರಣ ವಿಂಡೋಸ್ ಮಷೀನು. ಬೆಲೆ ಸೊನ್ನೆ ರೂಪಾಯಿ.

ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ. ವಿಮರ್ಶೆ ಅಂದಮೇಲೆ ಎಣಿಸದೆ ವಿಧಿಯಿಲ್ಲ. ಈ ಸಾಫ್ಟ್‌ವೇರಿನ ಕಸುಬೂ ಎಣಿಸುವುದೇ ತಾನೆ.

ಇನ್‌ಸ್ಟಾಲ್ ಅನ್ನುವುದೇ ಇಲ್ಲ. ಜಿಪ್ ಫೈಲ್ ಇಳಿಸಿ, ಬಿಚ್ಚಿ, ಓಡಿಸುವುದು. 'ಪ್ರೋಗ್ರಾಮ್ ಫೈಲ್ಸ್' ಒಳಗೆ ಮಾತ್ರ ಇಡಬೇಡಿ. ಅಲ್ಲಿ ಬರೆಯಲು ವಿಂಡೋಸ್ ಬಿಡುವುದಿಲ್ಲ, ಅಪ್‌ಡೇಟ್ ಅರ್ಧಕ್ಕೇ ಕೈಕೊಡುತ್ತದೆ. ಡಿ ಡ್ರೈವಿನಲ್ಲೊಂದು ಫೋಲ್ಡರ್ ಸಾಕು. ಪಿಎಚ್‌ಡಿ ಕೆಲಸ ಶುರುವಾದ ದಿನ ಆ ಇಡೀ ಫೋಲ್ಡರಿಗೆ ತಾರೀಖು ಹಾಕಿ ಇನ್ನೊಂದು ನಕಲು ಇಟ್ಟುಬಿಡಿ. ಎರಡು ವರ್ಷದ ನಂತರ ಪರೀಕ್ಷಕರು ಅಂಕಿ ಕೇಳಿದಾಗ ಅಪ್‌ಡೇಟ್ ಆದ ಪ್ಲಗಿನ್ ಬೇರೆ ಉತ್ತರ ಕೊಟ್ಟರೆ ಹಳೆಯ ಫೋಲ್ಡರೇ ಗತಿ.

ಅತಿ ಹೆಚ್ಚು ತಪ್ಪಾಗುವುದು ಅಳತೆಯಲ್ಲಿ. ನಮ್ಮ ಕ್ಯಾಮೆರಾದ ಪಿಕ್ಸೆಲ್ 3.45 ಮೈಕ್ರಾನ್, ಸೂಕ್ಷ್ಮದರ್ಶಕದ ಆಬ್ಜೆಕ್ಟಿವ್ (ಮಾದರಿಯ ಕಡೆಯ ಮಸೂರ) 40ಎಕ್ಸ್, ನಡುವೆ 0.5ಎಕ್ಸ್ ಅಡಾಪ್ಟರ್. ಅಲ್ಲಿಗೆ ಒಟ್ಟು ಹಿಗ್ಗುವಿಕೆ 20. ಚಿತ್ರದ ಒಂದು ಪಿಕ್ಸೆಲ್ ಅಂದರೆ 0.1725 ಮೈಕ್ರಾನ್. ಅಡಾಪ್ಟರ್ ಮರೆತು 40ರಿಂದ ಭಾಗಿಸಿದರೆ ಉದ್ದ ಅರ್ಧ, ವಿಸ್ತೀರ್ಣ ಕಾಲುಭಾಗ. ಬೆಂಕಿ ರೋಗದ ಸ್ಪೋರ್ ಸುಮಾರು 20 ಮೈಕ್ರಾನ್ ಉದ್ದ, 8 ಮೈಕ್ರಾನ್ ಅಗಲ, ವಿಸ್ತೀರ್ಣ 125 ಚದರ ಮೈಕ್ರಾನಿನ ಆಸುಪಾಸು. ಈ ತಪ್ಪಿನಲ್ಲಿ ಅದು 31 ಆಗಿ, 60ಕ್ಕಿಂತ ಕಡಿಮೆಯದನ್ನು ಧೂಳೆಂದು ಬಿಡಲು ಹೇಳಿದ ಜರಡಿಯಲ್ಲಿ ಒಂದೂ ನಿಲ್ಲದೆ ಸೋರಿಹೋಗುತ್ತದೆ. ಎಣಿಕೆ ಸೊನ್ನೆ ಬಂದರೆ ಎಲೆಯನ್ನು ಅನುಮಾನಿಸುವ ಮೊದಲು ಸ್ಕೇಲ್ ನೋಡಿ.

ಕಾಗದದ ಲೆಕ್ಕ ನಂಬುವುದಕ್ಕಿಂತ ಸ್ಟೇಜ್ ಮೈಕ್ರೋಮೀಟರ್ (ಅಳತೆಗೆರೆ ಕೊರೆದ ಸ್ಲೈಡ್) ಇಡುವುದು ವಾಸಿ: 1 ಮಿಲಿಮೀಟರಿಗೆ 100 ಭಾಗ, ಒಂದೊಂದೂ 10 ಮೈಕ್ರಾನ್. 20 ಭಾಗದ ಮೇಲೆ ಗೆರೆ ಎಳೆದು 'ಅನಲೈಸ್' ಮೆನುವಿನ 'ಸೆಟ್ ಸ್ಕೇಲ್' ತೆರೆದು 200 ಕೊಡಿ. ಮೈಕ್ರಾನಿಗೆ 5.8 ಪಿಕ್ಸೆಲ್ ಆಸುಪಾಸು ಬರಬೇಕು. ಗೆರೆಯ ಎಡ ಅಂಚಿನಿಂದ ಎಡ ಅಂಚಿಗೇ ಎಳೆಯಿರಿ. ಮೈಕ್ರೋಮೀಟರಿನ ಗೆರೆಗೂ ದಪ್ಪವಿದೆ. ಅಲ್ಲೇ 'ಗ್ಲೋಬಲ್' ಅಂತೊಂದು ಚೌಕವಿದೆ. ಅದಕ್ಕೆ ಟಿಕ್ ಹಾಕಿ, ಆಮೇಲೆ ತನ್ನದೇ ಸ್ಕೇಲ್ ದಾಖಲಾಗಿರದ 10ಎಕ್ಸ್ ಚಿತ್ರ ತೆರೆದರೆ ಅದಕ್ಕೂ 40ಎಕ್ಸಿನ ಸ್ಕೇಲೇ ಕೂತುಬಿಡುತ್ತದೆ, ಎಚ್ಚರಿಕೆಯ ಒಂದು ಮಾತೂ ಇಲ್ಲದೆ.

ಎಣಿಕೆಗೆ ಬಂದರೆ: ಮೊದಲು 8-ಬಿಟ್ (0ರಿಂದ 255ರವರೆಗಿನ ಬೂದು ಮಟ್ಟ), ಆಮೇಲೆ ಹಿನ್ನೆಲೆ ಕಳೆಯುವ 'ಸಬ್‌ಟ್ರಾಕ್ಟ್ ಬ್ಯಾಕ್‌ಗ್ರೌಂಡ್'. ಅಲ್ಲಿನ ತ್ರಿಜ್ಯ ತಾನಾಗಿ 50 ಪಿಕ್ಸೆಲ್ ಇರುತ್ತದೆ. ನಮ್ಮ ಸ್ಪೋರ್ 116 ಪಿಕ್ಸೆಲ್ ಉದ್ದ, ಹಾಗಾಗಿ 120 ಕೊಡುತ್ತೇವೆ. ಬ್ರೈಟ್‌ಫೀಲ್ಡ್ (ಬೆಳಕಿನ ಹಿನ್ನೆಲೆಯ) ಚಿತ್ರಕ್ಕೆ 'ಲೈಟ್ ಬ್ಯಾಕ್‌ಗ್ರೌಂಡ್' ಟಿಕ್ ಕಡ್ಡಾಯ. ನಂತರ ಓಟ್ಸು ಥ್ರೆಶೋಲ್ಡ್ (ಕಣವನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಹೊಳಪಿನ ಗಡಿ), ಕೊನೆಗೆ 'ಅನಲೈಸ್ ಪಾರ್ಟಿಕಲ್ಸ್': ಗಾತ್ರ 60ರಿಂದ 250, ವೃತ್ತೀಯತೆ 0.5ರಿಂದ 0.9, ಅಂಚಿಗೆ ತಾಗಿದ್ದನ್ನು ಬಿಡು. ಈ ಪೇರಳೆಯಾಕಾರದ ಸ್ಪೋರಿಗೆ ವೃತ್ತೀಯತೆ 0.75ರ ಹತ್ತಿರ ಬರುತ್ತದೆ. ಗಾಳಿಗುಳ್ಳೆಗೆ 1ರ ಹತ್ತಿರ. ಆ 0.9ರ ಮಿತಿ ಇರುವುದು ಗುಳ್ಳೆಗಳನ್ನು ಹೊರಗಿಡಲು.

ಓಟ್ಸು ವಿಧಾನ ಚಿತ್ರವನ್ನು ಎರಡು ಭಾಗ ಮಾಡಿಯೇ ತೀರುತ್ತದೆ. ಸ್ಪೋರೇ ಇಲ್ಲದ ಖಾಲಿ ಚಿತ್ರ ಕೊಟ್ಟರೂ ಧೂಳನ್ನು ಒಂದು ಕಡೆ, ನೀರನ್ನು ಒಂದು ಕಡೆ ಮಾಡಿ ಕೂರುತ್ತದೆ. ಹೋಲಿಕೆಯ ಪ್ರಯೋಗವಾದರೆ ಕಂಟ್ರೋಲ್ ಚಿತ್ರಗಳಿಂದ ಒಂದು ಅಂಕಿ ಗೊತ್ತುಮಾಡಿಕೊಂಡು ಎಲ್ಲದಕ್ಕೂ ಅದನ್ನೇ ಹಾಕಿ. ಅಂಟಿಕೊಂಡ ಸ್ಪೋರ್ ಬಿಡಿಸಲು 'ವಾಟರ್‌ಶೆಡ್' ಒತ್ತುವ ಚಪಲವೂ ಬೇಡ. ಅದು ದುಂಡನೆಯ ಕಣಗಳಿಗೆ ಹೇಳಿ ಮಾಡಿಸಿದ್ದು, ಪಿಷ್ಟಕ್ಕೆ ಚೆನ್ನಾಗಿ ಒಗ್ಗುತ್ತದೆ. ಉದ್ದನೆಯ ಸ್ಪೋರನ್ನು ನಡುವೆ ಕತ್ತರಿಸಿ ಒಂದನ್ನು ಎರಡು ಎಣಿಸುತ್ತದೆ.

ಫ್ಲೋರೆಸೆನ್ಸಿನವರಿಗೆ ಇದಕ್ಕಿಂತ ಕೆಟ್ಟ ಗುಂಡಿ ಇದೆ. 16-ಬಿಟ್ ಚಿತ್ರವನ್ನು 8-ಬಿಟ್ ಮಾಡುವಾಗ ಫಿಜಿ ಆ ಕ್ಷಣ ಪರದೆಯಲ್ಲಿರುವ ಬ್ರೈಟ್‌ನೆಸ್ ಮಿತಿಯನ್ನೇ ಹಿಡಿಯುತ್ತದೆ. ಒಂದು ಚಿತ್ರ 200ರಿಂದ 900ಕ್ಕೆ, ಇನ್ನೊಂದು 200ರಿಂದ 3000ಕ್ಕೆ ಹಿಗ್ಗಿಸಿ ಕಾಣುತ್ತಿದ್ದರೆ, ಎರಡರ ತುದಿಯೂ 255 ಆಗುತ್ತದೆ. ಮೂರು ಪಟ್ಟು ವ್ಯತ್ಯಾಸ ಅಲ್ಲೇ ಮಾಯ. ಹೊಳಪು ಅಳೆಯುವುದಿದ್ದರೆ 16-ಬಿಟ್ಟಿನಲ್ಲೇ ಅಳೆಯಿರಿ. ಜೆಪೆಗ್ ಬೇಡವೇ ಬೇಡ.

ಹತ್ತು ಚಿತ್ರ ದಾಟಿದರೆ ಮ್ಯಾಕ್ರೋ ರೆಕಾರ್ಡರ್ ಆನ್ ಮಾಡಿ. ನೀವು ಒತ್ತಿದ್ದೆಲ್ಲ ಸಾಲುಸಾಲಾಗಿ ಬರೆದುಕೊಳ್ಳುತ್ತದೆ. ಫೋಲ್ಡರಿನ ಹೆಸರಲ್ಲಿ ಸ್ಪೇಸ್ ಇದ್ದರೆ ಆ ದಾರಿಯನ್ನು ಚೌಕ ಆವರಣದಲ್ಲಿಡಬೇಕು, ಇಲ್ಲದಿದ್ದರೆ ಮೊದಲ ಸ್ಪೇಸಿನಲ್ಲೇ ನಿಲ್ಲುತ್ತದೆ. ಪ್ರತಿ ಚಿತ್ರಕ್ಕೂ ರಿಸಲ್ಟ್ ಉಳಿಸುವ ಸಾಲು ಸೇರಿಸಿ. ಕರೆಂಟ್ ಹೇಳಿಕೇಳಿ ಹೋಗುವುದಿಲ್ಲ.

ಆಗದ ಕೆಲಸವೂ ಇದೆ. ಪಿಕ್ಸೆಲ್ 0.25 ಮೈಕ್ರಾನ್ ಇರುವಾಗ 15 ಮಿಲಿಮೀಟರ್ ಚೌಕದ ಸ್ಲೈಡ್ ಸ್ಕ್ಯಾನ್ ಅಂದರೆ 360 ಕೋಟಿ ಪಿಕ್ಸೆಲ್, ಬಣ್ಣದಲ್ಲಿ 10 ಜಿಬಿಗೂ ಮೇಲೆ. ಅದನ್ನು ಫಿಜಿಗೆ ಕೊಡಬೇಡಿ, ಪೀಟ್ ಬ್ಯಾಂಕ್‌ಹೆಡ್ ಶುರುಮಾಡಿದ ಕ್ಯೂಪಾತ್ ಇದೆ. ಸಾವಿರಾರು ಚಿತ್ರಗಳ ಸಾಲು ಕೆಲಸಕ್ಕೆ ಆನ್ ಕಾರ್ಪೆಂಟರ್ ಮತ್ತು ಥೌಯಿಸ್ ಜೋನ್ಸ್ ಕಟ್ಟಿದ ಸೆಲ್‌ಪ್ರೊಫೈಲರ್. ಒತ್ತೊತ್ತಾದ ನ್ಯೂಕ್ಲಿಯಸ್‌ಗೆ (ಕೋಶಕೇಂದ್ರಕ್ಕೆ) ಉದಾಹರಣೆ ನೋಡಿ ಕಲಿತ ಸ್ಟಾರ್‌ಡಿಸ್ಟ್ ಸೊಗಸು, ಆದರೆ ಅದರ ಸಿದ್ಧ ಮಾದರಿಗಳು ಕಲಿತಿರುವುದು ನ್ಯೂಕ್ಲಿಯಸ್‌ಗಳನ್ನು. ನಮ್ಮ ಸ್ಪೋರ್ ಅದಕ್ಕೆ ಅಪರಿಚಿತ.

ಈಗ ಬೆಲೆ. ಮೇಲಿನ ಒಂದೇ ಎಣಿಕೆಗೆ ಎಷ್ಟು ಜನ ದುಡಿದಿದ್ದಾರೆ ನೋಡಿ. ಕ್ಯಾಮೆರಾ ಕಂಪನಿಯ ಮುಚ್ಚಿದ ಫೈಲನ್ನು ಬಿಚ್ಚಿಕೊಟ್ಟದ್ದು ಬಯೋ-ಫಾರ್ಮ್ಯಾಟ್ಸ್, ಸ್ಕಾಟ್ಲೆಂಡಿನ ಡಂಡಿಯ ಜೇಸನ್ ಸ್ವೆಡ್ಲೋ ಮತ್ತು ಅಮೆರಿಕದ ಮ್ಯಾಡಿಸನ್ನಿನ ಕೆವಿನ್ ಎಲಿಸೈರಿ ಅವರ ತಂಡಗಳ ಕೆಲಸ. 150ಕ್ಕೂ ಹೆಚ್ಚು ಫಾರ್ಮ್ಯಾಟ್ ಓದುತ್ತದೆ. ಥ್ರೆಶೋಲ್ಡ್ ನೊಬುಯುಕಿ ಓಟ್ಸು 1979ರಲ್ಲಿ ಪ್ರಕಟಿಸಿದ್ದು. ಅಳೆಯುವ ಯಂತ್ರ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ವೇಯ್ನ್ ರಾಸ್‌ಬ್ಯಾಂಡ್ ಅವರದು: 1987ರಲ್ಲಿ ಮ್ಯಾಕಿಂಟಾಶ್‌ಗೆ ಎನ್‌ಐಎಚ್ ಇಮೇಜ್, 1997ರಲ್ಲಿ ಜಾವಾದಲ್ಲಿ ಇಮೇಜ್‌ಜೆ. ಅದನ್ನು ಫಿಜಿಯಾಗಿ ಕಟ್ಟಿಕೊಟ್ಟ ಯೋಹಾನೆಸ್ ಶಿಂಡೆಲಿನ್ ಮತ್ತು ಸಂಗಡಿಗರ ಪ್ರಬಂಧ 2012ರದು.

ಇಷ್ಟೂ ಜನರಿಗೆ ನಮ್ಮ ಕಡೆಯ ಥೀಸಿಸ್‌ಗಳಲ್ಲಿ ಸಿಗುವುದು 'ಇಮೇಜ್‌ಜೆ ಬಳಸಿ ಎಣಿಸಲಾಯಿತು' ಅನ್ನುವ ಒಂದು ಸಾಲು. ಬಣ್ಣದ ಪುಡಿಗೆ ಕಂಪನಿ, ಕ್ಯಾಟಲಾಗ್ ನಂಬರ್, ಲಾಟ್ ನಂಬರ್ ಸಮೇತ ಮರ್ಯಾದೆ. ಇಮೇಜ್‌ಜೆ ಪಬ್ಲಿಕ್ ಡೊಮೇನಿನಲ್ಲಿದೆ, ಕಾನೂನು ನಿಮ್ಮನ್ನು ಏನೂ ಕೇಳುವುದಿಲ್ಲ. ಪ್ಲಗಿನ್ ಬರೆದವರು ಎಷ್ಟೋ ಸಲ ಕರಾರಿನ ಮೇಲಿರುವ ಪೋಸ್ಟ್‌ಡಾಕ್‌ಗಳು, ಅಂದರೆ ಪಿಎಚ್‌ಡಿ ಮುಗಿಸಿದ ಸಂಶೋಧಕರು. ಸಂದರ್ಶನದಲ್ಲಿ ಅವರನ್ನು ಕೇಳುವುದು ಉಲ್ಲೇಖಗಳ ಸಂಖ್ಯೆ. ಹತ್ತು ವರ್ಷ ದೋಷ ತಿದ್ದಿದ್ದಕ್ಕೆ ಅಂಕವಿಲ್ಲ. ಸಂಶೋಧನೆಯ ಮೌಲ್ಯಮಾಪನದಲ್ಲಿ ಸಾಫ್ಟ್‌ವೇರನ್ನೂ ಲೆಕ್ಕಕ್ಕೆ ತನ್ನಿ ಎಂದು ಸ್ಯಾನ್‌ಫ್ರಾನ್ಸಿಸ್ಕೋ ಘೋಷಣೆ 2013ರಲ್ಲೇ ಹೇಳಿತು. ಚಾನ್ ಜುಕರ್‌ಬರ್ಗ್ ಸಂಸ್ಥೆ 2019ರಿಂದ ಇಂಥ ಸಾಫ್ಟ್‌ವೇರಿನ ನಿರ್ವಹಣೆಗೇ ದುಡ್ಡು ಕೊಡಲು ಶುರುಮಾಡಿತು. ಪ್ರಶಸ್ತಿ, ಅನುದಾನ ನಮ್ಮ ಕೈಯಲ್ಲಿಲ್ಲ. ವಿಧಾನದ ಅಧ್ಯಾಯ ಇದೆ. ನಮ್ಮಲ್ಲಿ ಈಗ ಹೀಗೆ ಬರೆಸುತ್ತೇವೆ:

'ಚಿತ್ರಗಳನ್ನು ಬಯೋ-ಫಾರ್ಮ್ಯಾಟ್ಸ್ ಮೂಲಕ ಫಿಜಿಯಲ್ಲಿ ತೆರೆಯಲಾಯಿತು. ಇಮೇಜ್‌ಜೆ ಆವೃತ್ತಿ 1.54ಎಫ್. ಹಿನ್ನೆಲೆ ಕಳೆಯಲು ತ್ರಿಜ್ಯ 120 ಪಿಕ್ಸೆಲ್, ಥ್ರೆಶೋಲ್ಡ್ ಓಟ್ಸು, ಗಾತ್ರ 60ರಿಂದ 250 ಚದರ ಮೈಕ್ರಾನ್, ವೃತ್ತೀಯತೆ 0.5ರಿಂದ 0.9. ಮ್ಯಾಕ್ರೋ ಅನುಬಂಧದಲ್ಲಿದೆ.' ಪ್ರತಿ ಹೆಸರಿನ ಮುಂದೆ ಅದರ ಮೂಲ ಪ್ರಬಂಧದ ಉಲ್ಲೇಖ. ಆವೃತ್ತಿ 'ಹೆಲ್ಪ್' ಮೆನುವಿನ 'ಅಬೌಟ್ ಇಮೇಜ್‌ಜೆ' ಒಳಗೆ ಸಿಗುತ್ತದೆ. ಪದಮಿತಿ ಇದೆ ಅಂತ ಪತ್ರಿಕೆಯವರು ಕತ್ತರಿಸಲು ಹೇಳಿದರೆ ನಿಯತಾಂಕಗಳನ್ನು ಅನುಬಂಧಕ್ಕೆ ಕಳಿಸುತ್ತೇವೆ, ಹೆಸರು ಮತ್ತು ಉಲ್ಲೇಖ ಮುಖ್ಯ ಪಠ್ಯದಲ್ಲೇ ಉಳಿಯುತ್ತವೆ.

ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಆ 8-ಬಿಟ್ ಗುಂಡಿಗೆ.